ರೇಡಿಯೊದಲ್ಲಿ ಹಳೆಯ ಹಾಡು ಹುಡುಕುವ ನನ್ನ ಕ್ರಮ

ಹಳೆಯ ಹಾಡು ಬೇಕೆನಿಸಿದಾಗ ನಾನು ಸ್ಟೇಷನ್ನಿನ ಹೆಸರಿಗಿಂತ ಮೊದಲು ನೋಡುವುದು ಗಡಿಯಾರವನ್ನು. ಇಡೀ ದಿನ ಹೊಸ ಹಾಡು ಹಾಕುವ ನಿಲಯವೂ ದಿನದಲ್ಲೋ ವಾರದಲ್ಲೋ ಒಂದು ಗಂಟೆಯನ್ನು ಹಳೆಯದಕ್ಕೆ ಎತ್ತಿಟ್ಟಿರಬಹುದು. ನನಗೆ ಅಂಥ ಗಂಟೆಗಳು ಹೆಚ್ಚಾಗಿ ಸಿಕ್ಕಿದ್ದು ಬೆಳಗಿನ ಜಾವ, ತಡರಾತ್ರಿ, ಮತ್ತೆ ಭಾನುವಾರ. ಸಿಕ್ಕ ಕೂಡಲೇ ಪುಸ್ತಕದಲ್ಲಿ ಬರೆದಿಡುತ್ತೇನೆ: ವಾರ, ವೇಳೆ, ಕಂಪನಾಂಕ, ಯಾವ ದಶಕದ ಹಾಡು. ದಶಕ ಬರೆಯುವುದು ಮುಖ್ಯ. ಕೇಳುಗರ ವಯಸ್ಸು ಮುಂದೆ ಸರಿದಂತೆ ನಿಲಯಗಳ ‘ಹಳೆಯದು’ ಕೂಡ ಮುಂದೆ ಸರಿಯುತ್ತದೆ. 1950ರ ದಶಕದ ಹಾಡಿಗೆ ಕಾಯುತ್ತಾ ಕೂತವರಿಗೆ 1980ರ ದಶಕದ್ದು ಕೇಳಿಸುವುದು ಇದರಿಂದಲೇ.

ರಾತ್ರಿಯಾದರೆ ನನ್ನ ಒಲವು ಮೀಡಿಯಂ ವೇವ್ (ಸೆಟ್ಟಿನ ಮೇಲೆ ಎಂಡಬ್ಲ್ಯೂ ಅಥವಾ ಎಎಂ ಎಂದು ಬರೆದಿರುವ ಬ್ಯಾಂಡ್) ಕಡೆಗೆ. ಹಗಲಲ್ಲಿ ವಾತಾವರಣದ ಮೇಲ್ಭಾಗದಲ್ಲಿರುವ, ವಿದ್ಯುದಂಶದ ಕಣಗಳಿಂದ ಕೂಡಿದ ಅಯಾನುಗೋಳದ ಕೆಳಪದರ ಈ ತರಂಗಗಳನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ತರಂಗಗಳು ಇನ್ನೂ ಮೇಲಿನ ಪದರಕ್ಕೆ ತಾಗಿ ನೂರಾರು ಕಿಲೋಮೀಟರ್ ಆಚೆಗೆ ಇಳಿಯುತ್ತವೆ. ಹಗಲು ಬರೀ ಗೊರಗೊರ ಎನ್ನುತ್ತಿದ್ದ ಜಾಗದಲ್ಲಿ ದೂರದ ನಿಲಯವೊಂದು ಹಾಡತೊಡಗುತ್ತದೆ. ಆಗ ಆತುರ ಪಡಬಾರದು, ಮುಳ್ಳನ್ನು ಕೂದಲೆಳೆಯಷ್ಟೇ ಸರಿಸಬೇಕು. ಏಷ್ಯಾ, ಯುರೋಪು, ಆಫ್ರಿಕಾಗಳಲ್ಲಿ ಈ ನಿಲಯಗಳ ನಡುವೆ 9 ಕಿಲೋಹರ್ಟ್ಸ್ ಅಂತರ, ಅಮೆರಿಕ ಖಂಡಗಳಲ್ಲಿ 10. ಡಿಜಿಟಲ್ ಸೆಟ್ಟಿನಲ್ಲಿ ಈ ಹೆಜ್ಜೆಯನ್ನು ನಿಮ್ಮ ಪ್ರದೇಶಕ್ಕೆ ಸರಿಹೊಂದಿಸದಿದ್ದರೆ ಎಷ್ಟೋ ನಿಲಯಗಳು ನೆಟ್ಟಗೆ ಸಿಗುವುದೇ ಇಲ್ಲ.

ಸೆಟ್ಟಿನ ಏರಿಯಲ್ ಕಡ್ಡಿಯನ್ನು ಉದ್ದಕ್ಕೆ ಎಳೆದರೆ ಸಾಮಾನ್ಯವಾಗಿ ಮೀಡಿಯಂ ವೇವ್‌ಗೆ ಪ್ರಯೋಜನವಿಲ್ಲ. ಅದರ ಆಂಟೆನಾ ಸೆಟ್ಟಿನ ಒಳಗೇ ಅಡ್ಡ ಮಲಗಿರುವ, ತಂತಿ ಸುತ್ತಿದ ಫೆರೈಟ್ (ಕಾಂತೀಯ ವಸ್ತು) ಸಲಾಕೆ. ಆದ್ದರಿಂದ ಇಡೀ ಸೆಟ್ಟನ್ನೇ ನಿಧಾನವಾಗಿ ತಿರುಗಿಸುತ್ತೇನೆ. ಸಲಾಕೆಯ ಬದಿ ನಿಲಯದ ಕಡೆಗಿದ್ದರೆ ದನಿ ಏರುತ್ತದೆ, ತುದಿ ಅತ್ತ ತಿರುಗಿದರೆ ಅಡಗುತ್ತದೆ. ಒಂದೇ ಕಡೆ ಎರಡು ನಿಲಯಗಳು ಕಲಸಿಕೊಂಡಾಗ ಬೇಡದ್ದರ ಕಡೆಗೆ ತುದಿ ತೋರಿಸಿದರೆ ಬೇಕಾದದ್ದು ಮೇಲೆದ್ದು ಬರುತ್ತದೆ. ಎಲ್ಇಡಿ ದೀಪ, ಫೋನ್ ಚಾರ್ಜರ್ ಎರಡನ್ನೂ ಆರಿಸಿ. ಅವುಗಳಿಂದಲೂ ಗೊರಗೊರ ಸದ್ದು ಬರುತ್ತದೆ.

ಎಫ್‌ಎಂನಲ್ಲಿ ದೂರದ ನಿಲಯ ಬುಸುಗುಟ್ಟುತ್ತಿದ್ದರೆ ಸ್ಟೀರಿಯೊ ತೆಗೆದು ಮೊನೊ ಮಾಡಿ. ಆ ಬುಸುಗುಟ್ಟುವ ಸದ್ದು ಗಣನೀಯವಾಗಿ ತಗ್ಗುತ್ತದೆ. ಹಳೆಯ ಹಾಡಿನ ಮಟ್ಟಿಗೆ ಇದರಲ್ಲಿ ನಷ್ಟವಿಲ್ಲ: ಸ್ಟೀರಿಯೊ ಗ್ರಾಮಫೋನ್ ತಟ್ಟೆಗಳು ಮಾರುಕಟ್ಟೆಗೆ ಬಂದದ್ದೇ 1950ರ ದಶಕದ ಕೊನೆಗೆ, ಅದಕ್ಕೆ ಹಿಂದಿನ ತಟ್ಟೆಗಳು ಬಹುತೇಕ ಮೊನೊ. ನಿಮ್ಮ ಸೆಟ್ಟಿನಲ್ಲಿ ಆರ್‌ಡಿಎಸ್ (ಎಫ್‌ಎಂ ದನಿಯ ಜೊತೆಗೆ ನಿಲಯದ ವಿವರವನ್ನೂ ಕಳಿಸುವ ವ್ಯವಸ್ಥೆ) ಇದ್ದರೆ ಕಾರ್ಯಕ್ರಮದ ಬಗೆಯ ಪಟ್ಟಿಯಲ್ಲಿ ‘ಓಲ್ಡೀಸ್’ ಎಂಬುದೂ ಇರುತ್ತದೆ. ಅದನ್ನು ಒತ್ತಿ ನೋಡಿ. ನಿಲಯದವರು ಆ ಗುರುತು ಹಾಕಿದ್ದರೆ ಮಾತ್ರ ಕೆಲಸ ಮಾಡುತ್ತದೆ.

ಅಂತರ್ಜಾಲ ರೇಡಿಯೊದಲ್ಲಿ ಆಯ್ಕೆಗೆ ಮಿತಿಯಿಲ್ಲ. ರೇಡಿಯೊ ಗಾರ್ಡನ್ ಎಂಬ ಜಾಲತಾಣದಲ್ಲಿ ಭೂಗೋಳ ತಿರುಗಿಸಿ ಊರಿಂದೂರಿಗೆ ಹೋಗಬಹುದು. ಬೇರೆ ಪಟ್ಟಿಗಳಲ್ಲಿ ಹುಡುಕುವಾಗ ‘ಓಲ್ಡೀಸ್’ ಎನ್ನುವುದಕ್ಕಿಂತ ದಶಕವನ್ನೇ ಬರೆದು ಹುಡುಕುತ್ತೇನೆ. ಜಾಗದ ಅಂತರದಿಂದ ಹೊತ್ತು ಬದಲಾಗುವುದೂ ಇಲ್ಲಿ ಅನುಕೂಲವೇ. ನನ್ನ ನಡುಹಗಲು ಇನ್ನೆಲ್ಲೋ ಬೆಳಗಿನ ಜಾವವಾಗಿರುತ್ತದೆ.

ಇಷ್ಟೆಲ್ಲದರ ನಡುವೆ ನಾನು ಪುಸ್ತಕದಲ್ಲಿ ಎರಡು ಗೆರೆ ಎಳೆದು ಗುರುತಿಸುವುದು ಉದ್ಘೋಷಕರು ಮಾತಾಡುವ ಕಾರ್ಯಕ್ರಮಗಳನ್ನು. ಕಂಪ್ಯೂಟರ್ ಸರದಿಯಲ್ಲಿ ಪ್ರಸಿದ್ಧವಾದವೇ ಮತ್ತೆ ಮತ್ತೆ ಬರುತ್ತವೆ. ತಟ್ಟೆಯ ಹಿಂಬದಿಯಲ್ಲಿದ್ದ, ಯಾರೂ ನೆನೆಯದ ಹಾಡನ್ನು ತೆಗೆದು, ಗಾಯಕರು, ಕವಿ, ವಾದ್ಯದವರ ಹೆಸರು ಹೇಳಿ ಹಾಕುವುದು ಹಾಡನ್ನು ಪ್ರೀತಿಸುವ ಮನುಷ್ಯ ಮಾತ್ರ. ಅಂಥವರ ಕಾರ್ಯಕ್ರಮ ಸಿಕ್ಕರೆ ಒಂದು ಪತ್ರ ಬರೆಯುತ್ತೇನೆ: ಯಾವ ದಿನ ಕೇಳಿದೆ, ಯಾವ ಹಾಡು ಹಿಡಿಸಿತು, ಮುಂದೆ ಯಾವುದು ಬೇಕು. ಕೇಳುವವರು ಇದ್ದಾರೆಂದು ನಿಲಯಕ್ಕೆ ಗೊತ್ತಾದರೆ ಆ ಗಂಟೆಯನ್ನು ಕಿತ್ತುಹಾಕುವುದು ಅವರಿಗೆ ಸುಲಭವಾಗುವುದಿಲ್ಲ.