ಬುರುಜು ಎಂದರೆ ಬುರುಜಿನ ಪುಟವೂ ಸಿಗಬೇಕು

ವಿಜಯಪುರದ ಗುಮ್ಮಟ, ಬಾವಿ, ಬುರುಜುಗಳ ಬಗ್ಗೆ ಹನ್ನೆರಡು ಹದಿಮೂರು ವರ್ಷಗಳಿಂದ ಬರೆದ ಸುಮಾರು 400 ಪುಟಗಳು ನನ್ನ ಜಾಲತಾಣದಲ್ಲಿವೆ. ಹುಡುಕುವ ಪೆಟ್ಟಿಗೆಯೂ ಇತ್ತು, ಹೆಸರಿಗೆ. ಉಪಲಿ ಬುರುಜಿನ ಬಗ್ಗೆಯೇ ಏಳೆಂಟು ಪುಟಗಳಿದ್ದರೂ ‘ಬುರುಜು’ ಎಂದರೆ ಸೊನ್ನೆ. ಕನ್ನಡದಲ್ಲಿ ಸರಿಯಾಗಿ ಹುಡುಕುವ ಪೆಟ್ಟಿಗೆ ಆಗುವ ಮಾತಲ್ಲ ಎಂದು ಗೆಳೆಯರು ನಕ್ಕಿದ್ದರು. ಈಗ ಅವರೇ ಕೋಡ್ ಕೇಳುತ್ತಿದ್ದಾರೆ.

ಮೊದಲು ಎಲ್ಲರೂ ಬಳಸುವ ಒಂದು ಸಿದ್ಧ ಸಾಧನವನ್ನು ಹಾಕಿದೆ. ಇಂಗ್ಲಿಷ್ ಪುಟಗಳು ಸಿಕ್ಕವು, ಕನ್ನಡದ್ದು ಒಂದೂ ಇಲ್ಲ. ಎರಡು ವಾರ ತಲೆ ಕೆಡಿಸಿಕೊಂಡ ಮೇಲೆ ಕಳ್ಳ ಸಿಕ್ಕ: ಪದದ ಆಚೀಚಿನ ಚಿಹ್ನೆಗಳನ್ನು ಉದುರಿಸುವ ಒಂದು ಸಾಲು, ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳನ್ನು ಬಿಟ್ಟರೆ ಉಳಿದದ್ದೆಲ್ಲ ಚಿಹ್ನೆ ಎಂದೇ ತಿಳಿದಿತ್ತು. ಆಮೇಲೆ ಹುಡುಕಾಟದ ಬಾಡಿಗೆ ಸೇವೆ. ತಿಂಗಳಿಗೆ ಎರಡು ಸಾವಿರದಂತೆ ಐದು ತಿಂಗಳು ತೆತ್ತು ಬಿಟ್ಟೆ.

ಮೂರನೆಯದು ನನ್ನದೇ ಜಾಣತನ. ವಿಭಕ್ತಿ ಪ್ರತ್ಯಯಗಳನ್ನು ಕತ್ತರಿಸುವ ನಲವತ್ತು ನಿಯಮ ಬರೆದೆ. ಬಾವಿಗೆ, ಬಾವಿಯಲ್ಲಿ ಎಲ್ಲವೂ ಬಾವಿಯಾದವು. ಜೊತೆಗೆ ಮಲ್ಲಿಗೆ ಹೂವು ಮಲ್ಲಿ ಎಂಬ ಹುಡುಗಿಯಾಯಿತು! ವ್ಯಾಕರಣವನ್ನು ಅಂದೇ ಕೈಬಿಟ್ಟೆ.

ಗೆದ್ದದ್ದು ಪೆದ್ದು ಉಪಾಯ. ಪದವನ್ನು ಎರಡೆರಡು ಅಕ್ಷರಗಳ ಜೋಡಿಗಳಾಗಿ ಒಡೆದು, ಜೋಡಿಯ ಎರಡನೆಯ ಅಕ್ಷರದ ಗುಣಿತವನ್ನು ಕಳಚಿದೆ. ಬುರುಜು ಎಂದರೆ ಬುರ, ರುಜ. ಬುರುಜಿನ ಎಂದರೆ ಬುರ, ರುಜ, ಜಿನ. ಎರಡು ಜೋಡಿ ತಾಳೆಯಾದವು, ಸಾಕು. ಒಡೆಯುವುದು ಕಂಪ್ಯೂಟರು ಅಕ್ಷರಗಳನ್ನು ಇಟ್ಟುಕೊಳ್ಳುವ ಯೂನಿಕೋಡ್ ಸಂಕೇತಗಳ ಲೆಕ್ಕದಲ್ಲಲ್ಲ, ಒತ್ತಕ್ಷರ ಸಮೇತ ಇಡೀ ಅಕ್ಷರದ ಲೆಕ್ಕದಲ್ಲಿ; ಇಲ್ಲಿ ಎಡವಿ ಒಂದು ತಿಂಗಳು ಕಳೆದುಕೊಂಡೆ. ‘ಗೋಲ್‌ಗುಂಬಜ್’ನ ನಡುವೆ ಅಡಗಿ ಕೂತ ಕಣ್ಣಿಗೆ ಕಾಣದ ಸಂಕೇತವನ್ನೂ ಮೊದಲೇ ಕಿತ್ತುಹಾಕಬೇಕು. ಯಾವ ಪುಟ ಮೇಲೆ ಬರಬೇಕೆಂಬ ಲೆಕ್ಕವನ್ನು ಮಾತ್ರ ಹೇಳುವುದಿಲ್ಲ, ಅದು ನನ್ನ ಬೆವರು.

‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚಿಸಿದ ಹಳೆಯ ಕಡತಗಳದ್ದು ಬೇರೆಯೇ ರಗಳೆ. ಯೂನಿಕೋಡ್‌ಗೆ ಪರಿವರ್ತಿಸಿದಾಗ ಅರ್ಕಾವತ್ತು ಜಾಗ ತಪ್ಪಿ ‘ಕಾರ್ಯಕ್ರಮ’ಗಳೆಲ್ಲ ‘ಕಾಯರ್ಕ್ರಮ’ಗಳಾಗಿದ್ದವು. ಅವನ್ನು ತಿದ್ದಲು ಒಬ್ಬ ವಿದ್ಯಾರ್ಥಿಗೆ ನಾಲ್ಕು ಸಾವಿರ ಕೊಟ್ಟೆ, ಅರ್ಧವನ್ನು ಮತ್ತೆ ನಾನೇ ತಿದ್ದಿದೆ.

ನಿಜವಾದ ಲಾಭ ಬಂದದ್ದು ಏನೂ ಸಿಗದೆ ಹೋದ ಹುಡುಕಾಟಗಳನ್ನು ಬರೆದಿಟ್ಟುಕೊಂಡದ್ದರಿಂದ. ಊರಿನ ಹೆಸರು ಅಧಿಕೃತವಾಗಿ ವಿಜಯಪುರ ಎಂದು ಬದಲಾದದ್ದು 2014ರ ನವೆಂಬರ್ 1ರಂದು. ಜನ ಇಂದಿಗೂ ಬಿಜಾಪುರ, ವಿಜಾಪುರ ಎಂದೇ ಹುಡುಕುತ್ತಾರೆ. ಇಲ್ಲಿನ ಒಂದು ಗೋರಿಗೆ ಇಬ್ರಾಹಿಂ ರೋಜಾ ಎನ್ನುವವರಿದ್ದಾರೆ, ರೌಜಾ ಎನ್ನುವವರಿದ್ದಾರೆ. ಇಂಥ ನೂರೈವತ್ತು ಜೋಡಿ ಹೆಸರುಗಳ ಪಟ್ಟಿಯನ್ನು ಕೈಯಾರೆ ಮಾಡಿದೆ. ನಡುವೆ ನಕ್ಷೆಯ ಮೇಲೆ ಬೆರಳಿಟ್ಟು ಪುಟ ತೆರೆಯುವ ಪ್ರಯೋಗಕ್ಕೂ ಕೈ ಹಾಕಿದ್ದೆ. ನೋಡಲು ಚೆಂದ, ಮೊಬೈಲಿನಲ್ಲಿ ತಾಜ್ ಬಾವಡಿ ಒತ್ತಿದರೆ ಪಕ್ಕದ ಗುರುತು ತೆರೆಯುತ್ತಿತ್ತು. ತೆಗೆದೆ. ಹದಿನಾಲ್ಕು ಕೊಂಡಿಗಳ ಮೆನುವನ್ನೂ ನಾಲ್ಕಕ್ಕೆ ಇಳಿಸಿದೆ.

ಯಾವ ಜೋಡಿ ಯಾವ ಪುಟದಲ್ಲಿದೆ ಎಂಬ ಸೂಚಿ ಮೊದಲು ಮೂರು ಎಂಬಿ ಇತ್ತು. ಮೊದಲ ಅಕ್ಷರದ ಪ್ರಕಾರ ತುಂಡು ಮಾಡಿದ ಮೇಲೆ ಒಂದು ಹುಡುಕಾಟಕ್ಕೆ ಅರವತ್ತು ಎಪ್ಪತ್ತು ಕೆಬಿ ಸಾಕಾಗುತ್ತಿದೆ. ತಿಂಗಳ ಖರ್ಚು ಸೊನ್ನೆ. ‘ಕ’ದ ತುಂಡು ಮಾತ್ರ ಇನ್ನೂ ದಪ್ಪಗಿದೆ, ಅದನ್ನು ದೀಪಾವಳಿಯ ರಜೆಯಲ್ಲಿ ನೋಡಬೇಕು.