ಅಂಗಡಿ, ಆಫೀಸಿನ ಹಳೇ ಟ್ಯೂಬ್‌ಲೈಟ್ ಬದಲಿಸುವುದು ಹೇಗೆ?

ಬೆಂಗಳೂರಿನ ಹಳೇ ಕಮರ್ಷಿಯಲ್ ಕಟ್ಟಡಗಳಲ್ಲಿ ಇನ್ನೂ ಚೋಕ್, ಸ್ಟಾರ್ಟರ್ ಇರುವ ಟ್ಯೂಬ್‌ಲೈಟ್‌ಗಳು ಉರಿಯುತ್ತಿವೆ. ಟ್ಯೂಬಿನ ಮೇಲೆ 36 ವ್ಯಾಟ್ ಅಂತ ಬರೆದಿರುತ್ತದೆ, ನಿಜ. ಆದರೆ ಆ ತೂಕದ ಚೋಕ್ ಇದೆಯಲ್ಲ, ಅದೇ ಇನ್ನೂ 10-15 ವ್ಯಾಟ್ ತಿನ್ನುತ್ತದೆ. ತಿಂದದ್ದೆಲ್ಲ ಬಿಸಿಯಾಗಿ ಹೊರಗೆ ಬರುತ್ತದೆ, ಆ ಬಿಸಿಯನ್ನು ಹೊರಹಾಕಲು ಎಸಿಗೂ ಕರೆಂಟ್ ಬೇಕು.

ಲೆಕ್ಕ ನೋಡಿ. ಒಂದು ಮಹಡಿಯಲ್ಲಿ 100 ಟ್ಯೂಬ್ ಇವೆ, ಒಂದೊಂದಕ್ಕೂ ಚೋಕ್ ಸೇರಿ 50 ವ್ಯಾಟ್. ಅಲ್ಲಿ 20 ವ್ಯಾಟಿನ ಎಲ್‌ಇಡಿ ಹಾಕಿದರೆ 3 ಕಿಲೋವ್ಯಾಟ್ ಉಳಿಯಿತು. ದಿನಕ್ಕೆ 10 ಗಂಟೆ, ತಿಂಗಳಿಗೆ 26 ದಿನ ಅಂದರೆ 780 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಅಂತ ಹಿಡಿದರೂ ತಿಂಗಳಿಗೆ 5,460 ರೂಪಾಯಿ. ಕೂಲಿ ಸೇರಿ ಟ್ಯೂಬಿಗೆ 350 ಬಿದ್ದರೆ ಖರ್ಚು 35,000, ಏಳು ತಿಂಗಳೊಳಗೆ ವಾಪಸ್. ನಿಮ್ಮ ಬಿಲ್ಲಿನ ದರ ಹಾಕಿ ನೀವೇ ಲೆಕ್ಕ ಮಾಡಿ.

ಆದರೆ ನೇರವಾಗಿ 100 ಟ್ಯೂಬ್ ಆರ್ಡರ್ ಮಾಡಬೇಡಿ. ಮೊದಲು ಒಂದು ಹಾಳೆ ಹಿಡಿದು ಕಟ್ಟಡ ಸುತ್ತಿ, ಎಲ್ಲಿ ಎಷ್ಟು ಲೈಟಿವೆ, ದಿನಕ್ಕೆ ಎಷ್ಟು ಗಂಟೆ ಉರಿಯುತ್ತವೆ ಅಂತ ಬರೆದುಕೊಳ್ಳಿ. ಬೆಳಕು ಎಷ್ಟು ಬೀಳುತ್ತಿದೆ ಅಂತ ತೋರಿಸುವ ಲಕ್ಸ್ ಮೀಟರ್ ಸಿಕ್ಕರೆ ಅಳೆಯಿರಿ. ಕೆಲಸದ ಮೇಜಿನ ಮೇಲೆ 300ರಿಂದ 500 ಲಕ್ಸ್ ಬೇಕು, ಕಾರಿಡಾರಿಗೆ 100 ಸಾಕು. ಎಷ್ಟೋ ಕಡೆ ಕಾರಿಡಾರಿನಲ್ಲಿ ಅರ್ಧ ಲೈಟ್ ತೆಗೆದರೂ ಏನೂ ಆಗುವುದಿಲ್ಲ. ಕಿಟಕಿ ಪಕ್ಕದ ಸಾಲಿಗೆ ಬೇರೆ ಸ್ವಿಚ್ ಕೊಡಿಸಿ, ಹಗಲಲ್ಲಿ ಸುಮ್ನೆ ಯಾಕೆ ಉರಿಯಬೇಕು ಅಲ್ವಾ? ಟಾಯ್ಲೆಟ್, ಸ್ಟೋರ್ ರೂಮ್, ಬೇಸ್‌ಮೆಂಟ್ ಪಾರ್ಕಿಂಗಿಗೆ ಮೋಷನ್ ಸೆನ್ಸರ್.

ಇನ್ನು ವೈರಿಂಗ್. ಇದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ, ಎಂಸಿಬಿ (ಬೋರ್ಡಿನಲ್ಲಿ ಆ ಲೈನಿನ ಕರೆಂಟ್ ಕಡಿಯುವ ಸ್ವಿಚ್) ಆಫ್ ಮಾಡಿಸಿ ಮಾಡಿಸಬೇಕು. ಟ್ಯೂಬ್ ಕೂರುವ ಹಳೇ ಪಟ್ಟಿಯನ್ನೇ (ಫಿಟ್ಟಿಂಗ್) ಉಳಿಸಿಕೊಳ್ಳುವುದಾದರೆ ಚೋಕ್, ಸ್ಟಾರ್ಟರ್ ಎರಡನ್ನೂ ಬಿಚ್ಚಿ ತೆಗೆಸಿ. ಕೆಲವರು ಚೋಕನ್ನು ಹಾಗೇ ಬಿಟ್ಟು ಎಲ್‌ಇಡಿ ಟ್ಯೂಬ್ ಸಿಕ್ಕಿಸಿ ಹೋಗುತ್ತಾರೆ, ಆಗ ಚೋಕ್ ಒಂದಿಷ್ಟು ಕರೆಂಟ್ ತಿನ್ನುತ್ತಲೇ ಇರುತ್ತದೆ. ಕೆಲವು ಎಲ್‌ಇಡಿ ಟ್ಯೂಬಿಗೆ ಫೇಸ್, ನ್ಯೂಟ್ರಲ್ ಎರಡೂ ಒಂದೇ ತುದಿಗೆ ಬರುತ್ತವೆ, ಕೆಲವಕ್ಕೆ ಒಂದೊಂದು ತುದಿಗೆ ಒಂದೊಂದು. ಎರಡನ್ನೂ ಬೆರೆಸಬೇಡಿ, ಇಡೀ ಕಟ್ಟಡಕ್ಕೆ ಒಂದೇ ಬಗೆ ಇರಲಿ. ಪ್ರತಿ ಪಟ್ಟಿಯ ಮೇಲೂ ‘ಎಲ್‌ಇಡಿ ಮಾತ್ರ’ ಅಂತ ಸ್ಟಿಕ್ಕರ್ ಅಂಟಿಸಿ. ಇಲ್ಲದಿದ್ದರೆ ಮುಂದೆ ಯಾರೋ ಗೊತ್ತಿಲ್ಲದೆ ಹಳೇ ಟ್ಯೂಬ್ ಹಾಕಿಬಿಟ್ಟರೆ ಅಪಾಯ.

ಕೊಳ್ಳುವಾಗ ವ್ಯಾಟ್ ಒಂದನ್ನೇ ನೋಡಬೇಡಿ. ಲ್ಯೂಮೆನ್ (ಟ್ಯೂಬ್ ಕೊಡುವ ಒಟ್ಟು ಬೆಳಕು) ಎಷ್ಟು, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ನಿಜಕ್ಕೂ ಕೆಲಸಕ್ಕೆ ಬರುತ್ತದೆ ಎಂಬ ಅಳತೆ) 0.9ಕ್ಕಿಂತ ಜಾಸ್ತಿ ಇದೆಯಾ, ವಾರಂಟಿ ಎಷ್ಟು ವರ್ಷ, ಇಷ್ಟನ್ನೂ ಕೇಳಿ. ಸೀರೆ ಅಂಗಡಿಯವರು ಸಿಆರ್‌ಐ (ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಎಂಬುದಕ್ಕೆ 100ರವರೆಗಿನ ಅಂಕ) 90 ಇರುವುದನ್ನೇ ತಗೊಳ್ಳಿ, ಗಿರಾಕಿಗೆ ಅಂಗಡಿಯಲ್ಲಿ ಕಂಡ ಬಣ್ಣವೇ ಮನೆಯಲ್ಲೂ ಕಾಣಬೇಕು.

ತೆಗೆದ ಟ್ಯೂಬುಗಳನ್ನು ಒಡೆದು ಕಸಕ್ಕೆ ಹಾಕಬೇಡಿ, ಒಳಗೆ ಪಾದರಸ ಇರುತ್ತದೆ. ಅಧಿಕೃತ ಇ-ತ್ಯಾಜ್ಯದವರಿಗೆ ಕೊಡಿ.

ಕೊನೆಗೆ, ತುಂಬಾ ಜನ ಮರೆಯುವ ಕೆಲಸ ಒಂದಿದೆ. ನಮ್ಮಲ್ಲಿ ಫಿಕ್ಸೆಡ್ ಚಾರ್ಜ್ ಬೀಳುವುದು ಮಂಜೂರಾದ ಲೋಡಿನ ಮೇಲೆ, ಅಂದರೆ ನಿಮ್ಮ ಕನೆಕ್ಷನ್‌ಗೆ ಒಪ್ಪಿಗೆ ಕೊಟ್ಟ ಕಿಲೋವ್ಯಾಟ್ ಮೇಲೆ. ಎಲ್‌ಇಡಿ ಹಾಕಿದ ಮೇಲೆ, ಬೇಸಿಗೆ ಸೇರಿ ಒಂದು ವರ್ಷದ ಬಿಲ್ಲುಗಳಲ್ಲಿ ದಾಖಲಾದ ಗರಿಷ್ಠ ಬೇಡಿಕೆ (ಆ ತಿಂಗಳಲ್ಲಿ ನೀವು ಎಳೆದ ಅತಿ ಹೆಚ್ಚು ಲೋಡ್) ನೋಡಿ. ನಿಜಕ್ಕೂ ಇಳಿದಿದ್ದರೆ ಲೋಡ್ ಕಡಿಮೆ ಮಾಡಿಕೊಡಿ ಅಂತ ಬೆಸ್ಕಾಂಗೆ ಅರ್ಜಿ ಹಾಕಿ. ಎಸಿಗೆ ಬೇಕಾದಷ್ಟು ಜಾಗ ಬಿಟ್ಟುಕೊಳ್ಳಿ, ಮಂಜೂರಾದ ಲೋಡ್ ಮೀರಿದರೆ ದಂಡ ಕಟ್ಟಬೇಕಾಗುತ್ತದೆ.