ಬೆಲ್ಜಿಯನ್ ಪೇಲ್ ಏಲ್ ರುಚಿ ನೋಡೋದು ಹೇಗೆ? ಮೊದಲು ಫ್ರಿಜ್‌ನಿಂದ ಹೊರಗಿಡಿ

ಬೆಂಗಳೂರಿನಿಂದ ಬಂದ ಗೆಳೆಯ ಸಣ್ಣ ಬ್ರೂವರಿಯೊಂದರ ಪೇಲ್ ಏಲ್ ಅನ್ನೋ ಬಗೆಯ ಬಿಯರು ತಂದುಕೊಟ್ಟಿದ್ದ. ಬೆಲ್ಜಿಯನ್ ಶೈಲಿಯದು. ನಾನು ಅದನ್ನು ಫ್ರೀಜರ್‌ನಲ್ಲಿಟ್ಟು, ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ ಮಾಡಿ, ಬಾಟ್ಲಿಯಿಂದಲೇ ಗಟಗಟ ಅರ್ಧ ಇಳಿಸಿದೆ. ಸೋಡಾ ಕುಡಿದಂತಾಯಿತು. ಇದಕ್ಕಾ ಇಷ್ಟು ರೊಕ್ಕ ಅಂತ ಬೈದುಕೊಂಡು, ಉಳಿದಿದ್ದನ್ನು ಗ್ಲಾಸಿಗೆ ಸುರಿದಿಟ್ಟು, ಅಷ್ಟರಲ್ಲಿ ಬಂದ ಫೋನಿನಲ್ಲಿ ಹರಟುತ್ತಾ ಟೆರೇಸಿನ ಮೇಲೆ ಓಡಾಡಿದೆ. ಇಪ್ಪತ್ತು ನಿಮಿಷ ಬಿಟ್ಟು ಬಂದು ಒಂದು ಗುಟುಕು ಹಾಕಿದರೆ, ಬೇರೆಯದೇ ಬಿಯರು! ಕಿತ್ತಳೆ ಸಿಪ್ಪೆ, ಬೇಕರಿ ಟೋಸ್ಟು, ಎಲ್ಲೋ ಒಂಚೂರು ಲವಂಗ.

ಹಾಗಾಗಿ ಮೊದಲ ಕೆಲಸ, ಕಾಯೋದು. ಈ ಬಿಯರಿಗೆ 7ರಿಂದ 10 ಡಿಗ್ರಿ ಸರಿ. ಮನೆಯ ಫ್ರಿಜ್ ಅದಕ್ಕಿಂತ ಜಾಸ್ತಿ ತಣ್ಣಗಿರುತ್ತದೆ. ಬೆಳಗಾವಿಯ ಏಪ್ರಿಲ್‌ನಲ್ಲಿ ಹತ್ತು ನಿಮಿಷ ಹೊರಗಿಟ್ಟರೆ ಸಾಕು, ಜಡಿಮಳೆಯ ಜುಲೈನಲ್ಲಾದರೆ ಇಪ್ಪತ್ತಾದರೂ ಬೇಕು.

ಅಷ್ಟರಲ್ಲಿ ಗ್ಲಾಸ್ ತೊಳೆಯಿರಿ. ಎಣ್ಣೆ ಜಿಡ್ಡು ಉಳಿದರೆ ನೊರೆ ನಿಲ್ಲೋದಿಲ್ಲ. ಸುರಿದ ಮೇಲೆ ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡಿವೆಯಾ, ತೊಳೆದದ್ದು ಸಾಲದು ಅಂತಲೇ ಅರ್ಥ. ಬೆಲ್ಜಿಯಂನ ಆಂಟ್‌ವೆರ್ಪ್‌ನಲ್ಲಿ 1833ರಿಂದ ಇರುವ ಡೆ ಕೋನಿಂಕ್ ಬ್ರೂವರಿಯ ಪೇಲ್ ಏಲನ್ನು ದುಂಡು ಹೊಟ್ಟೆಯ ಗ್ಲಾಸಿನಲ್ಲಿ ಕೊಡುತ್ತಾರೆ, ಅದಕ್ಕೆ ಬೊಲ್ಲೆಕೆ ಅಂತ ಹೆಸರು. ನಮ್ಮಲ್ಲಿ ಅದೆಲ್ಲಿ ಹುಡುಕೋದು? ವೈನ್ ಗ್ಲಾಸ್ ನಡೆಯುತ್ತದೆ. ಸ್ಟೀಲ್ ಲೋಟ ಮಾತ್ರ ಬೇಡ, ಬಣ್ಣವೇ ಕಾಣೋದಿಲ್ಲ.

ಗ್ಲಾಸನ್ನು ಓರೆ ಹಿಡಿದು ಸುರಿಯಿರಿ, ಅರ್ಧ ತುಂಬುತ್ತಿದ್ದಂತೆ ನೆಟ್ಟಗೆ ಮಾಡಿ. ಮೇಲೆ ಎರಡು ಬೆರಳು ನೊರೆ ಬರಲಿ. ನೊರೆ ಕಂಡರೆ ಮೋಸ ಹೋದೆವು ಅನ್ನೋ ಅಭ್ಯಾಸ ನಮ್ಮವರದು, ಆದರೆ ವಾಸನೆ ಮೇಲೇರೋದು ಅದರಿಂದಲೇ. ತಳದಲ್ಲಿ ಮಡ್ಡಿ ಕಂಡರೆ ಹೆದರಬೇಡಿ, ಅದು ಯೀಸ್ಟ್. ಒಂದು ಬೆರಳಿನಷ್ಟು ಬಾಟ್ಲಿಯಲ್ಲೇ ಬಿಡಿ.

ಈಗ ಬೆಳಕಿಗೆ ಹಿಡಿಯಿರಿ. ಪೇಲ್ ಅಂದರೂ ಇದು ಬಿಳಚಿಕೊಂಡಿರೋದಿಲ್ಲ, ಜೇನು ಬಣ್ಣದಿಂದ ತಾಮ್ರದ ಬಣ್ಣದವರೆಗೆ ಇರುತ್ತದೆ.

ಕುಡಿಯೋ ಮೊದಲು ಮೂಸಿ. ಅರ್ಧ ರುಚಿ ಇಲ್ಲೇ ಇದೆ. ಗ್ಲಾಸಿನ ಬಾಯಿಗೆ ಅಂಗೈ ಮುಚ್ಚಿ, ಮೆಲ್ಲಗೆ ಒಂದು ಸುತ್ತು ತಿರುಗಿಸಿ, ಕೈ ತೆಗೆದು ಚುಟುಕಾಗಿ ಎರಡು ಮೂರು ಸಲ ಉಸಿರೆಳೆಯಿರಿ. ದೇವರ ಮುಂದೆ ಊದುಬತ್ತಿ ಹಚ್ಚಿದ ಹೊತ್ತಲ್ಲಿ ಬೇಡ ಮಾರಾಯರೆ, ನನಗೆ ಒಂದು ಸಲ ಗ್ಲಾಸ್ ತುಂಬಾ ಮಲ್ಲಿಗೆಯೇ ಬಂದಿತ್ತು. ಮೊದಲು ಸಿಗೋದು ಮಾಲ್ಟ್. ರಾಗಿ ಮಾಲ್ಟ್ ಅಂತೀವಲ್ಲ, ಹಾಗೆಯೇ ಇಲ್ಲಿ ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿರುತ್ತಾರೆ. ಅದಕ್ಕೇ ಆ ಬಿಸ್ಕತ್ತಿನ, ಸುಟ್ಟ ಚಪಾತಿ ಅಂಚಿನ ವಾಸನೆ. ಅದರ ಹಿಂದೆ ಪೇರ್ ಹಣ್ಣು, ಕಿತ್ತಳೆ, ಸ್ವಲ್ಪ ಮಸಾಲೆ. ಲವಂಗ, ಮೆಣಸು ಹಾಕಿಲ್ಲ, ಸಕ್ಕರೆ ತಿನ್ನುವಾಗ ಯೀಸ್ಟೇ ಇಂಥ ವಾಸನೆಗಳನ್ನು ಹುಟ್ಟಿಸುತ್ತದೆ. ಬೆಲ್ಜಿಯಂನವರ ಕೈಚಳಕ ಇರೋದು ಈ ಯೀಸ್ಟಿನಲ್ಲೇ ಅನ್ನೋದು ನನ್ನ ಅಭಿಪ್ರಾಯ.

ಒದ್ದೆ ರಟ್ಟಿನ ವಾಸನೆ ಬಂದರೆ ಬಿಯರು ಹಳೆಯದು. ಗಬ್ಬು ನಾತ ಬಂದರೆ ಬೆಳಕು ತಾಗಿ ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂವು) ಕೆಟ್ಟಿದೆ, ಕಂದು ಬಾಟ್ಲಿ ಬಳಸೋದು ಇದನ್ನು ತಡೆಯೋಕೇ.

ಗುಟುಕು ಸಣ್ಣದಿರಲಿ. ನಾಲಿಗೆ ಮೇಲೆ ಓಡಾಡಿಸಿ, ನುಂಗಿ, ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಮೊದಲು ಸಿಹಿ, ನಡುವೆ ಹಣ್ಣು, ಕೊನೆಗೆ ಹಾಪ್ಸ್‌ನ ಹದವಾದ ಕಹಿ. ಈ ಕಹಿ, ಹಾಪ್ಸ್ ಜಾಸ್ತಿ ಇರುವ ಐಪಿಎ (ಇಂಡಿಯಾ ಪೇಲ್ ಏಲ್) ಬಿಯರಿನ ಹಾಗೆ ನಾಲಿಗೆ ಹಿಡಿಯೋದಿಲ್ಲ. ಆಲ್ಕೋಹಾಲ್ ಸಾಮಾನ್ಯವಾಗಿ ಶೇ 5ರ ಆಸುಪಾಸು, ಆದರೂ ಗಾಡಿ ಓಡಿಸೋ ದಿನ ಬೇಡ. 21 ತುಂಬದವರು ಇದನ್ನು ಬಿಟ್ಟು ಮುಂದಿನ ಪುಟಕ್ಕೆ ಹೋಗಿ.

ಜೊತೆಗೆ ಏನು? ಮಿರ್ಚಿ ಭಜಿ ತಿಂದರೆ ಖಾರವೇ ಗೆಲ್ಲುತ್ತದೆ. ಬೇಯಿಸಿದ ಶೇಂಗಾ ಸಾಕು. ಆದರೆ ನನಗೆ ಜಾಸ್ತಿ ಹಿಡಿಸಿದ್ದು, ನಗಬೇಡಿ, ಕುಂದಾ! ಹಾಲು ಕಾಯಿಸಿ ಕಾಯಿಸಿ ಕೆಂಪಾದ ಆ ರುಚಿಗೂ ಮಾಲ್ಟಿಗೂ ನಂಟು ಚೆನ್ನಾಗಿ ಕೂಡುತ್ತದೆ. ಅರ್ಧ ಚಮಚ ಮಾತ್ರ, ಹೆಚ್ಚಾದರೆ ಬಿಯರು ಸಪ್ಪೆ.

ಕೊನೆಗೆ ಬಾಟ್ಲಿಯಲ್ಲಿ ಬಿಟ್ಟಿದ್ದ ಆ ಒಂದು ಬೆರಳು ಮಡ್ಡಿಯನ್ನು ಅಲುಗಾಡಿಸಿ, ಗ್ಲಾಸಿನಲ್ಲಿ ಉಳಿದದ್ದಕ್ಕೆ ಸುರಿದು ನೋಡಿ. ಬಿಯರು ಮಬ್ಬಾಗುತ್ತದೆ, ಬ್ರೆಡ್ ಹಿಟ್ಟಿನ ರುಚಿ ಬರುತ್ತದೆ. ನನ್ನ ಗೆಳೆಯನಿಗೆ ಅದೇ ಇಷ್ಟ, ನನಗೆ ಇನ್ನೂ ಒಗ್ಗಿಲ್ಲ.